ಸ್ಟ್ಯಾಂಡ್‌ಬೈ ಸರ್ವರ್ ‘ಲ್ಯಾಗ್ ಸೊನ್ನೆ’ ಎಂದಾಗ: ಬೈಕಂಪಾಡಿಯ ಸಣ್ಣ ಕೈಗಾರಿಕೆಗಳ ಸಂದರ್ಭದಲ್ಲಿ ಒಂದು ಮರುಪರಿಶೀಲನೆ

ಡೇಟಾಬೇಸ್ ರೆಪ್ಲಿಕೇಶನ್‌ನ ಮೂಲ ಪ್ರಶ್ನೆಗಳಲ್ಲಿ ಹೆಚ್ಚಿನವು ಈಗ ವಿವಾದದಲ್ಲಿಲ್ಲ. ಎಲ್ಲ ಪ್ರತಿಗಳಲ್ಲೂ ಬರೆಯಲು ಬಿಟ್ಟರೆ, ನೋಡ್‌ಗಳೂ ದಟ್ಟಣೆಯೂ ಹತ್ತು ಪಟ್ಟಾದಾಗ ಡೆಡ್‌ಲಾಕ್‌ಗಳು ಸಾವಿರ ಪಟ್ಟಾಗುತ್ತವೆ ಎಂದು ಜಿಮ್ ಗ್ರೇ ಮತ್ತು ಸಂಗಡಿಗರು 1996ರಲ್ಲೇ ತೋರಿಸಿದ್ದರು. ಬರಹಕ್ಕೆ ಒಂದು ಪ್ರೈಮರಿ, ಅದರ ಲಾಗ್ ಓದಿ ಹಿಂಬಾಲಿಸಲು ಒಂದು ಸ್ಟ್ಯಾಂಡ್‌ಬೈ ಎಂಬ ಏರ್ಪಾಡು ಇಂದು ಸಾಮಾನ್ಯ. ಪೋಸ್ಟ್‌ಗ್ರೆಸ್‌ನಲ್ಲಿ ಸ್ಟ್ರೀಮಿಂಗ್ ರೆಪ್ಲಿಕೇಶನ್ 2010ರ 9.0 ಆವೃತ್ತಿಯಲ್ಲಿ ಬಂತು, ಸಿಂಕ್ರೊನಸ್ ಬಗೆ ಮರುವರ್ಷ ಬಂತು. ಒಂದೇ ಸ್ಟ್ಯಾಂಡ್‌ಬೈ ಇರುವಲ್ಲಿ ಸಿಂಕ್ರೊನಸ್ ಬಗೆಯನ್ನು ಆರಿಸಿಕೊಂಡರೆ, ಆ ಸರ್ವರ್ ಕೈಕೊಟ್ಟಾಗ ಪ್ರೈಮರಿಯ ಕಮಿಟ್‌ಗಳೂ ಕಾದು ನಿಲ್ಲುತ್ತವೆ. ಸಣ್ಣ ಘಟಕಗಳಿಗೆ ಅಸಿಂಕ್ರೊನಸ್ ಬಗೆಯೇ ಒಗ್ಗುವುದು ಇದರಿಂದಾಗಿ. ಹಾಗಾದ ಮೇಲೆ ಸ್ಟ್ಯಾಂಡ್‌ಬೈ ಎಷ್ಟು ಹಿಂದೆ ಬಿದ್ದಿದೆ ಎಂದು ಅಳೆಯದೆ ಗತ್ಯಂತರವಿಲ್ಲ. ಆ ಅಳತೆಯ ರೂಢಿಗತ ವಿಧಾನದ ಬಗ್ಗೆ ನನ್ನ ತಕರಾರಿದೆ.

ಸ್ಟ್ಯಾಂಡ್‌ಬೈ ಕೊನೆಯದಾಗಿ ಅನ್ವಯಿಸಿದ ವ್ಯವಹಾರದ ಸಮಯವನ್ನು ಈಗಿನ ಸಮಯದಿಂದ ಕಳೆಯುವುದು ಎಲ್ಲಕ್ಕಿಂತ ಸರಳ ಕ್ರಮ. ಪ್ರೈಮರಿಯಲ್ಲಿ ಬರಹವೇ ನಡೆಯದಿದ್ದಾಗ ಈ ವ್ಯತ್ಯಾಸ ಸುಮ್ಮನೆ ಬೆಳೆಯುತ್ತ ಹೋಗುತ್ತದೆ. ಪಣಂಬೂರು ಬಂದರಿಗೆ ಹತ್ತಿರದ ಬೈಕಂಪಾಡಿ ಕೈಗಾರಿಕಾ ಪ್ರದೇಶದಂಥ ಕಡೆ ಇದು ಅಪರೂಪದ ಸ್ಥಿತಿಯಲ್ಲ. ಒಂದೇ ಪಾಳಿಯಲ್ಲಿ ನಡೆದು ಭಾನುವಾರ ಬಾಗಿಲು ಹಾಕುವ ಘಟಕವೊಂದನ್ನು ಮಾದರಿಯಾಗಿ ಇಟ್ಟುಕೊಳ್ಳೋಣ. ಪ್ರೈಮರಿ ಅಲ್ಲೇ ಇದೆ, ಸ್ಟ್ಯಾಂಡ್‌ಬೈ ಬೆಂಗಳೂರಿನಲ್ಲಿ. ಅದರ ಬಿಲ್ಲಿಂಗ್ ಮತ್ತು ದಾಸ್ತಾನು ಡೇಟಾಬೇಸ್ ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ನಿಶ್ಚಲ. ಅಷ್ಟು ಹೊತ್ತೂ ಸುಳ್ಳು ಎಚ್ಚರಿಕೆಗಳು ಬರುತ್ತವೆ. ಇದನ್ನು ತಪ್ಪಿಸಲು ನಿರ್ವಾಹಕರಲ್ಲಿ ಒಂದು ತಿದ್ದುಪಡಿ ವ್ಯಾಪಕವಾಗಿ ಬಳಕೆಗೆ ಬಂದಿದೆ: ಸ್ಟ್ಯಾಂಡ್‌ಬೈ ಸ್ವೀಕರಿಸಿದ ಕೊನೆಯ ಲಾಗ್ ಸ್ಥಾನವೂ ಅನ್ವಯಿಸಿದ ಕೊನೆಯ ಸ್ಥಾನವೂ ಒಂದೇ ಆಗಿದ್ದರೆ ಲ್ಯಾಗ್ ಸೊನ್ನೆ ಎಂದು ಎಣಿಸುವುದು, ಇಲ್ಲದಿದ್ದರೆ ಮಾತ್ರ ಸಮಯದ ವ್ಯತ್ಯಾಸ ತೋರಿಸುವುದು.

ನನ್ನ ಆಕ್ಷೇಪ ಈ ತಿದ್ದುಪಡಿಗೆ. ಹೋಲಿಸುತ್ತಿರುವ ಎರಡು ಸ್ಥಾನಗಳೂ ಸ್ಟ್ಯಾಂಡ್‌ಬೈಯವೇ; ಪ್ರೈಮರಿ ಎಲ್ಲಿದೆ ಎಂಬುದು ಲೆಕ್ಕದೊಳಗೆ ಬರುವುದೇ ಇಲ್ಲ. ನಮ್ಮ ಮಾದರಿ ಘಟಕದಲ್ಲಿ ಭಾನುವಾರ ರಸ್ತೆ ಅಗೆತದಿಂದ ಕೇಬಲ್ ತುಂಡಾಯಿತು ಎನ್ನಿ. ಬಂದದ್ದನ್ನೆಲ್ಲ ಸ್ಟ್ಯಾಂಡ್‌ಬೈ ಆಗಲೇ ಅನ್ವಯಿಸಿದೆ, ಸ್ಥಾನಗಳು ಸಮ, ಲ್ಯಾಗ್ ಸೊನ್ನೆ. ಸೋಮವಾರ ಬೈಕಂಪಾಡಿಯಲ್ಲಿ ಬಿಲ್ಲುಗಳು ಏರುತ್ತ ಹೋಗುತ್ತವೆ. ಬೆಂಗಳೂರಿನ ಯಂತ್ರಕ್ಕೆ ಅವುಗಳ ಸುಳಿವೇ ಇಲ್ಲ, ಅದು ಸೊನ್ನೆಯನ್ನೇ ಹೇಳುತ್ತಿರುತ್ತದೆ. ಸಂಜೆ ಪ್ರೈಮರಿಯ ಡಿಸ್ಕ್ ಕೆಟ್ಟರೆ ಇಡೀ ದಿನದ ದಾಖಲೆ ಹೋಯಿತು, ಅದೂ ಒಂದೇ ಒಂದು ಎಚ್ಚರಿಕೆಯಿಲ್ಲದೆ.

ವೈಫಲ್ಯ ಪತ್ತೆಯ ಬಗ್ಗೆ ಚಂದ್ರ ಮತ್ತು ಟೂಗ್ 1996ರಲ್ಲಿ ಎರಡು ಗುಣಗಳನ್ನು ಬೇರ್ಪಡಿಸಿದರು: ಕೆಟ್ಟದ್ದು ಕೊನೆಗಾದರೂ ಅನುಮಾನಕ್ಕೆ ಒಳಗಾಗಬೇಕು, ಅದು ಪೂರ್ಣತೆ; ಸರಿಯಿರುವುದರ ಮೇಲೆ ಅನುಮಾನ ಬೀಳಬಾರದು, ಅದು ನಿಖರತೆ. ರೂಢಿಯ ತಿದ್ದುಪಡಿ ನಿಖರತೆಯನ್ನು ಕೊಳ್ಳಲು ಪೂರ್ಣತೆಯನ್ನೇ ತೆತ್ತಿದೆ ಎಂಬುದು ನನ್ನ ವಾದ. ಇದನ್ನು ಮಿತಿಗಳೊಡನೆಯೇ ಮುಂದಿಡಬೇಕು. ಆ ಇಬ್ಬರು ಚರ್ಚಿಸಿದ್ದು ಪ್ರೊಸೆಸ್‌ಗಳ ಕುಸಿತವನ್ನು, ಲ್ಯಾಗನ್ನಲ್ಲ. ಅವರ ಪರಿಕಲ್ಪನೆಗಳು ಇಲ್ಲಿಗೆ ಬರುವಾಗ ಸ್ವಲ್ಪ ಸಡಿಲಗೊಳ್ಳುತ್ತವೆ. ಪ್ರೈಮರಿಯ ‘ಪಿಜಿ ಸ್ಟ್ಯಾಟ್ ರೆಪ್ಲಿಕೇಶನ್’ ನೋಟವನ್ನೂ ಜೊತೆಗೆ ಗಮನಿಸುವವರಿಗೆ ನನ್ನ ಆಕ್ಷೇಪ ಪೂರ್ತಿಯಾಗಿ ತಾಗುವುದಿಲ್ಲ. ಆದರೆ ಅಲ್ಲೂ ಎಚ್ಚರ ಬೇಕು. 10ನೇ ಆವೃತ್ತಿಯಿಂದ ಆ ನೋಟದಲ್ಲಿರುವ ಲ್ಯಾಗ್ ಅಂಕಣಗಳು ಬರಹವಿಲ್ಲದ ಹೊತ್ತಿನಲ್ಲಿ ಖಾಲಿಯಾಗುತ್ತವೆ. ಸಂಪರ್ಕ ಕಡಿದರೆ ಸ್ಟ್ಯಾಂಡ್‌ಬೈಯ ಸಾಲೇ ಮಾಯವಾಗುತ್ತದೆ. ಮೊದಲನೆಯದು ವಿಶ್ರಾಂತಿ, ಎರಡನೆಯದು ಅಪಾಯ. ಇವೆರಡನ್ನೂ ಒಂದೇ ಖಾಲಿ ಜಾಗವಾಗಿ ಬಿಡಿಸುವ ನಕ್ಷೆಯನ್ನು ನಂಬುವಂತಿಲ್ಲ.

9.6ರಿಂದ ಸ್ಟ್ಯಾಂಡ್‌ಬೈಯಲ್ಲೇ ಲಾಗ್ ಸ್ವೀಕರಿಸುವ ಪ್ರೊಸೆಸ್‌ನ ಸ್ಥಿತಿಯನ್ನು ನೋಡಬಹುದಲ್ಲ ಎಂಬ ಪ್ರತಿವಾದ ಗಟ್ಟಿಯಾದದ್ದು. ಎರಡೇ ಸರ್ವರುಗಳಿದ್ದಾಗ ಅದನ್ನು ಒಪ್ಪುತ್ತೇನೆ. ಆದರೆ ಒಂದು ಸ್ಟ್ಯಾಂಡ್‌ಬೈಯಿಂದ ಇನ್ನೊಂದು ಲಾಗ್ ಪಡೆಯುವ ಸರಣಿಯಲ್ಲಿ ಮೇಲಿನ ಕೊಂಡಿ ಮಾತ್ರ ಕಡಿದರೆ, ಕೆಳಗಿನದರ ಸಂಪರ್ಕ ಜೀವಂತವಾಗಿಯೇ ಇರುತ್ತದೆ, ಸ್ಥಾನಗಳೂ ಸಮವಾಗಿರುತ್ತವೆ. ಡೇಟಾ ಮಾತ್ರ ಹಳತು.

ಮೌನವನ್ನು ಆರೋಗ್ಯವೆಂದು ಓದುವುದರ ಬೆಲೆ ಏನೆಂಬುದಕ್ಕೆ ಗಿಟ್‌ಲ್ಯಾಬ್ ಸಂಸ್ಥೆ 2017ರ ಜನವರಿ 31ರ ಅವಘಡದ ಬಗ್ಗೆ ತಾನೇ ಪ್ರಕಟಿಸಿದ ವರದಿ ಒಳ್ಳೆಯ ಪುರಾವೆ. ಹಿಂದೆ ಬಿದ್ದ ಸ್ಟ್ಯಾಂಡ್‌ಬೈಯನ್ನು ಸರಿಪಡಿಸಲು ಹೋಗಿ ಪ್ರೈಮರಿಯ ಡೇಟಾ ಡೈರೆಕ್ಟರಿಯನ್ನೇ ಅಳಿಸಿದ್ದು, ಸುಮಾರು ಆರು ಗಂಟೆಗಳ ಡೇಟಾ ಹೋದದ್ದು ಬಹಳ ಚರ್ಚೆಯಾಗಿದೆ. ಅಷ್ಟು ಗಮನಕ್ಕೆ ಬಾರದ ಸಂಗತಿ ಇನ್ನೊಂದಿದೆ. ಡೇಟಾಬೇಸ್ 9.6, ಬ್ಯಾಕಪ್ ಉಪಕರಣ 9.2 ಆಗಿದ್ದರಿಂದ ಬ್ಯಾಕಪ್‌ಗಳು ವಿಫಲವಾಗುತ್ತಲೇ ಇದ್ದವು. ಆ ಸುದ್ದಿ ಹೊತ್ತ ಇಮೇಲ್‌ಗಳು ಸಹಿಯಿಲ್ಲದ ಕಾರಣ ತಿರಸ್ಕೃತವಾಗುತ್ತಿದ್ದವು. ದೂರು ಬಾರದ್ದರಿಂದ ಎಲ್ಲವೂ ಸರಿಯಿರುವಂತೆ ಕಂಡಿತು.

ಆದ್ದರಿಂದ ಪ್ರೈಮರಿಯಲ್ಲೇ ಹುಟ್ಟಿ ಇಡೀ ದಾರಿ ದಾಟಿ ಬಂದ ಗುರುತೊಂದನ್ನು ಸ್ಟ್ಯಾಂಡ್‌ಬೈಯಲ್ಲಿ ಓದುವುದೇ ಹೆಚ್ಚು ವಿಶ್ವಾಸಾರ್ಹ ಎಂದು ನನಗನ್ನಿಸುತ್ತದೆ. ಕೆಲವು ಸೆಕೆಂಡಿಗೊಮ್ಮೆ ಪ್ರೈಮರಿಯ ಪುಟ್ಟ ಕೋಷ್ಟಕವೊಂದರಲ್ಲಿ ಸಮಯ ಬರೆಯುವ ಈ ಹಾರ್ಟ್‌ಬೀಟ್ ವಿಧಾನ ಮೈಎಸ್‌ಕ್ಯುಎಲ್ ಬಳಕೆದಾರರಿಗೆ ಪರ್ಕೋನಾದ ಉಪಕರಣದ ಮೂಲಕ ಪರಿಚಿತ. ಭಾನುವಾರವೂ ಬರಹ ನಡೆಯುವುದರಿಂದ ಸುಳ್ಳು ಎಚ್ಚರಿಕೆ ಏಳುವುದಿಲ್ಲ. ಕೇಬಲ್ ಕಡಿದರೆ ಗುರುತು ಹಳತಾಗುತ್ತದೆ. ಎರಡೂ ಯಂತ್ರಗಳ ಗಡಿಯಾರಗಳು ಹೊಂದಿರಬೇಕು ಎಂಬ ಷರತ್ತು ಮಾತ್ರ ಉಳಿಯುತ್ತದೆ.

ಈ ಗುರುತನ್ನು ಓದುವ ಯಂತ್ರ ಎಲ್ಲಿರಬೇಕು ಎಂಬ ಪ್ರಶ್ನೆ ಇಲ್ಲಿ ಬಗೆಹರಿದಿಲ್ಲ. ಬೈಕಂಪಾಡಿಯಲ್ಲಿಟ್ಟರೆ ಅಲ್ಲಿ ವಿದ್ಯುತ್ ಹೋದಾಗ ಪ್ರೈಮರಿಯ ಜೊತೆಗೆ ಅದೂ ಕಣ್ಮುಚ್ಚುತ್ತದೆ. ಬೆಂಗಳೂರಿನಲ್ಲಿಟ್ಟರೆ ಕೇಬಲ್ ಕಡಿದದ್ದಕ್ಕೂ ಪ್ರೈಮರಿ ಸತ್ತದ್ದಕ್ಕೂ ಅದಕ್ಕೆ ವ್ಯತ್ಯಾಸ ಕಾಣದು. 2018ರ ಅಕ್ಟೋಬರ್‌ನಲ್ಲಿ ಗಿಟ್‌ಹಬ್‌ನ ಜಾಲ 43 ಸೆಕೆಂಡು ಕಡಿದಾಗ ಸ್ವಯಂಚಾಲಿತ ವ್ಯವಸ್ಥೆ ಇನ್ನೊಂದು ದಡದ ಸರ್ವರನ್ನು ಪ್ರೈಮರಿ ಮಾಡಿತು. ಎರಡೂ ಕಡೆ ಬೇರೆ ಬೇರೆ ಬರಹಗಳು ಉಳಿದು, ಸೇವೆ ಸರಿಹೋಗಲು 24 ಗಂಟೆ 11 ನಿಮಿಷ ಹಿಡಿಯಿತು. ಮೂರನೆಯ ಸ್ಥಳದಲ್ಲೊಂದು ಸಾಕ್ಷಿ ಯಂತ್ರ ಇಡುವುದು ಗೊತ್ತಿರುವ ಉತ್ತರ. ಎರಡು ಸರ್ವರುಗಳನ್ನೇ ಕಷ್ಟಪಟ್ಟು ಸಾಕುವ ಘಟಕಕ್ಕೆ ಅದು ಕೈಗೆಟುಕುತ್ತದೆಯೇ, ಅಥವಾ ಸ್ಟ್ಯಾಂಡ್‌ಬೈಯನ್ನು ಪ್ರೈಮರಿ ಮಾಡುವ ತೀರ್ಮಾನವನ್ನು ಫೋನ್ ಮಾಡಿ ವಿಚಾರಿಸುವ ಮನುಷ್ಯನಿಗೇ ಬಿಡುವುದು ಸುರಕ್ಷಿತವೇ ಎಂಬುದನ್ನು ಘಟಕಗಳ ನಿಜವಾದ ದಾಖಲೆಗಳ ಮೇಲೆ ಪರೀಕ್ಷಿಸಬೇಕಿದೆ.