ದೂರದ ಪರಿಚಯದ ಉಪಕಾರ: ಸಾಮಾಜಿಕ ಜಾಲತಾಣದ ರಕ್ತಯಾಚನೆಯನ್ನು ಕುರಿತ ಒಂದು ವಿವೇಚನೆ

ಆಪತ್ತಿಗೆ ಒದಗತಕ್ಕವರು ನೆಂಟರಿಷ್ಟರೇ ಎಂಬ ನಂಬಿಕೆಯು ನಮ್ಮಲ್ಲಿ ಆಳವಾಗಿ ಬೇರೂರಿದುದಾದರೂ, ಅಮೆರಿಕದ ಸಮಾಜಶಾಸ್ತ್ರಜ್ಞರಾದ ಮಾರ್ಕ್ ಗ್ರಾನೊವೆಟರ್ ಅವರು 1973ರಲ್ಲಿ ಪ್ರಕಟಿಸಿದ ಪ್ರಬಂಧವು ಇದಕ್ಕೆ ಮಹತ್ತ್ವದ ತಿದ್ದುಪಡಿಯೊಂದನ್ನು ಸೂಚಿಸಿತು. ಆಪ್ತರೆಲ್ಲರೂ ಪರಸ್ಪರ ಬಲ್ಲವರಾದುದರಿಂದ ಅವರಲ್ಲಿ ಒಬ್ಬನು ಅರಿತುದು ಬಹುಮಟ್ಟಿಗೆ ಉಳಿದವರೂ ಅರಿತುದೇ. ಹೊಸ ಸಮಾಚಾರವು ಬರುವುದು ಅಪರೂಪಕ್ಕೆ ಕಾಣುವ ಪರಿಚಿತರಿಂದ. ಬಾಸ್ಟನ್ನಿನ ಉಪನಗರವೊಂದರಲ್ಲಿ ಗ್ರಾನೊವೆಟರ್ ಅವರು ವಿಚಾರಿಸಿದಾಗ, ಪರಿಚಯದ ಮೂಲಕ ಉದ್ಯೋಗ ದೊರಕಿಸಿಕೊಂಡವರ ಪೈಕಿ, ಸುದ್ದಿ ತಿಳಿಸಿದವರನ್ನು ತಾವು ಆಗಾಗ ಕಾಣುತ್ತಿದ್ದೆವೆಂದವರು ನೂರಕ್ಕೆ 17ರಷ್ಟು ಮಾತ್ರ.

ಉದ್ಯೋಗಕ್ಕಿಂತಲೂ ತೀವ್ರವಾದ ಅಗತ್ಯವೊಂದರಲ್ಲಿ ಈ ತತ್ತ್ವವನ್ನು ಪರೀಕ್ಷಿಸುವುದು ಉಚಿತ. 1952ರಲ್ಲಿ ಭೇಂಡೆ ಮತ್ತು ಅವರ ಸಹೋದ್ಯೋಗಿಗಳು ವರದಿಮಾಡಿದ 'ಬಾಂಬೆ' ರಕ್ತಗುಂಪಿನವರಿಗೆ, ಎಲ್ಲರಿಗೂ ಸಲ್ಲುವುದೆಂದು ಜನರು ನಂಬಿರುವ 'ಓ' ಗುಂಪಿನ ರಕ್ತವೂ ಸಲ್ಲದು. ಅವರ ದೇಹದಲ್ಲಿರುವ ಪ್ರತಿಕಾಯಗಳು ಆ ರಕ್ತದ 'ಎಚ್' ಪ್ರತಿಜನಕವನ್ನೇ ಎದುರಿಸುತ್ತವೆ. ಸಾಮಾನ್ಯ ಪರೀಕ್ಷೆಯಲ್ಲಿ ಈ ರಕ್ತವು 'ಓ' ಎಂದೇ ತೋರುವುದರಿಂದ ಅಪಾಯವು ಇನ್ನೂ ಹೆಚ್ಚು. ಒಡಹುಟ್ಟಿದವರಲ್ಲಿ ಹೊಂದಿಕೆ ದೊರೆಯದಿದ್ದರೆ ಬಂಧುಗಳ ವಾತ್ಸಲ್ಯವೆಷ್ಟಿದ್ದರೂ ಪ್ರಯೋಜನವಿಲ್ಲ. ಬೇರೊಂದು ಜಿಲ್ಲೆಯ ಅಪರಿಚಿತನೊಬ್ಬನೇ ಗತಿ, ಮತ್ತು ಅವನ ತನಕ ಕರೆಯನ್ನು ಮುಟ್ಟಿಸಬಲ್ಲುದು ಸಹಪಾಠಿಯ ಸಹೋದ್ಯೋಗಿಯ ವಾಟ್ಸ್ಆ್ಯಪ್ ಗುಂಪಿನಂಥ ಸಡಿಲವಾದ ಕೊಂಡಿಯೇ.

ಆದರೆ ಸುದ್ದಿಯನ್ನು ದೂರಕ್ಕೆ ಒಯ್ಯುವ ಈ ಸಡಿಲತೆಯೇ ಅದರ ದೋಷಕ್ಕೂ ಕಾರಣವಾಗಿದೆಯೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ. "ತುರ್ತಾಗಿ ರಕ್ತ ಬೇಕಾಗಿದೆ, ದಯವಿಟ್ಟು ಎಲ್ಲ ಗ್ರೂಪುಗಳಿಗೂ ಶೇರ್ ಮಾಡಿ" ಎಂಬ ಒಕ್ಕಣೆಯ ಕೆಳಗೆ ಒಂದು ದೂರವಾಣಿ ಸಂಖ್ಯೆಯಿರುತ್ತದೆ. ದಿನಾಂಕವಿರುವುದಿಲ್ಲ, ಎಷ್ಟೋ ವೇಳೆ ಆಸ್ಪತ್ರೆಯ ಹೆಸರೂ ಇರುವುದಿಲ್ಲ. ರೋಗಿಯು ಗುಣಹೊಂದಿ ಮನೆ ಸೇರಿದ ಮೇಲೂ, ಅಥವಾ ತೀರಿಹೋದ ಮೇಲೂ, ಆ ಕರೆ ಕೈಯಿಂದ ಕೈಗೆ ಸಾಗುತ್ತಲೇ ಇದ್ದು, ಶೋಕದಲ್ಲಿರುವ ಮನೆಯಲ್ಲಿ ಫೋನು ಮೊಳಗುವಂತೆ ಮಾಡುತ್ತದೆ. ರಕ್ತ ಕೊಡಲು ಮನಸ್ಸುಳ್ಳವನೂ ಎರಡು ಮೂರು ಬಾರಿ ಹೀಗೆ ನಿರಾಶನಾದರೆ ನಿಜವಾದ ಕರೆಯನ್ನೂ ಉಪೇಕ್ಷಿಸುವನು. ವಾಟ್ಸ್ಆ್ಯಪ್ ಸಂಸ್ಥೆಯು 2018ರಲ್ಲಿ ಭಾರತದಲ್ಲಿ ಫಾರ್ವರ್ಡ್ ಮಾಡುವುದನ್ನು ಒಂದು ಸಲಕ್ಕೆ ಐದು ಕಡೆಗೆಂದು ಮಿತಗೊಳಿಸಿತು. ಇಂಥ ಮಿತಿಯು ಹರಡುವಿಕೆಯ ವೇಗವನ್ನು ತಗ್ಗಿಸೀತೇ ಹೊರತು ಅವಧಿ ಮುಗಿದ ಕರೆಯನ್ನು ಹಿಂದಕ್ಕೆ ಕರೆಯಲಾರದು.

ಆದಕಾರಣ ಕರೆಯನ್ನು ಬರೆಯುವವರು ದಿನಾಂಕ, ಊರು, ಆಸ್ಪತ್ರೆ, ರಕ್ತದ ಗುಂಪು ಇವನ್ನು ತಪ್ಪದೆ ನಮೂದಿಸಬೇಕೆಂದೂ, ಮುಂದೆ ಕಳುಹಿಸುವವರು ಮೊದಲು ಆ ಸಂಖ್ಯೆಗೆ ತಾವೇ ಫೋನು ಮಾಡಿ ವಿಚಾರಿಸಬೇಕೆಂದೂ, ರಕ್ತವು ದೊರೆತೊಡನೆ "ಸಿಕ್ಕಿದೆ, ಇನ್ನು ಯಾರಿಗೂ ಕಳುಹಿಸಬೇಡಿ" ಎಂದು ಅವವೇ ಗುಂಪುಗಳಲ್ಲಿ ತಿಳಿಸಬೇಕೆಂದೂ ವಾಚಕರಲ್ಲಿ ಪ್ರಾರ್ಥಿಸುತ್ತೇನೆ.