ಕುಬಸವೆಂಬ ಮಾತು

ಭೀಮಾತೀರದ ಚಡಚಣ, ಇಂಡಿ ಸೀಮೆಯಲ್ಲಿ ಹೆಂಗಸರು ‘ಆಕಿದು ಕುಬಸ ಆತೇನು?’ ಎಂದು ಕೇಳಿದರೆ ಅದು ಉಡುಪಿನ ವಿಚಾರಣೆಯಲ್ಲ. ಬಸುರಿಯ ತಿಂಗಳ ಲೆಕ್ಕ. ಮೈಗೆ ತೊಡುವ ರವಿಕೆಯ ಹೆಸರು ಗರ್ಭದ ಒಂದು ಹಂತದ ಹೆಸರಾಗಿ ನಿಂತಿರುವುದು ವಿಚಾರಾರ್ಹವಾದ ಸಂಗತಿ.

ಬಸುರು ಎಂಬ ಮಾತಿಗೂ ಮೊದಲಿನ ಅರ್ಥ ಹೊಟ್ಟೆ ಎಂದಷ್ಟೆ. ತಮಿಳಿನ ‘ವಯಿಱು’ ಅದರ ಒಡಹುಟ್ಟು. ಹಳಗನ್ನಡದಲ್ಲಿ ಗಂಡಸಿಗೂ ಇದ್ದ ಬಸಿಱು ಕಾಲಾಂತರದಲ್ಲಿ ತಾಯಿಯ ಪಾಲಿಗೇ ಉಳಿಯಿತು. ಸೀಮಂತವೆಂದರೆ ಬೈತಲೆ. ಗರ್ಭಿಣಿಯ ಬೈತಲೆ ತೆಗೆಯುವ ಸಂಸ್ಕಾರಕ್ಕೆ ಆಶ್ವಲಾಯನ ಗೃಹ್ಯಸೂತ್ರವು ನಾಲ್ಕನೆಯ ತಿಂಗಳನ್ನು ಹೇಳುತ್ತದೆ. ಅದೇ ತಿಂಗಳಿನ ಗರ್ಭಿಣಿಯನ್ನು ಸುಶ್ರುತಸಂಹಿತೆ ‘ದೌಹೃದಿನಿ’, ಎಂದರೆ ಎರಡು ಹೃದಯವುಳ್ಳವಳು, ಎಂದು ಕರೆಯುತ್ತದೆ.

ಶಾಸ್ತ್ರದ ದೃಷ್ಟಿ ಬೈತಲೆಯ ಮೇಲಿದ್ದರೆ ನಮ್ಮ ಹೆಂಗಸರ ದೃಷ್ಟಿ ತವರಿನಿಂದ ಬಂದ ಬಟ್ಟೆಯ ಮೇಲಿದೆ. ಐದನೆಯದೋ ಏಳನೆಯದೋ ತಿಂಗಳಲ್ಲಿ ತವರಿನವರು ಹಸಿರು ಸೀರೆ, ಹಸಿರು ಬಳೆ, ಕುಬಸದ ಖಣಗಳನ್ನು ತಂದು ಮಗಳ ಉಡಿ ತುಂಬುತ್ತಾರೆ. ಮಗಳ ಮೈ ಬದಲಾದುದನ್ನು ತವರು ಬಲ್ಲದು ಎಂಬುದಕ್ಕೆ ಆ ಖಣವೇ ಸಾಕ್ಷಿ.

ಇದಕ್ಕೂ ಮುಂಚಿನದು ‘ಕಳ್ಳ ಕುಬಸ’. ಮೂರನೆಯ ತಿಂಗಳಲ್ಲಿ, ಊರಿಗೆ ಸುದ್ದಿ ಹರಡುವ ಮೊದಲು, ಮನೆಯ ಇಬ್ಬರು ಮೂವರು ಹೆಂಗಸರಷ್ಟೇ ಕೂಡಿ ಮಾಡುವ ಉಡಿ ತುಂಬುವಿಕೆ. ನೆರೆಯ ಮರಾಠಿಯಲ್ಲಿ ಇದಕ್ಕೆ ‘ಚೋರಚೋಳಿ’ ಎಂಬ ಹೆಸರುಂಟು. ಅಮರಕೋಶದಲ್ಲಿ ಚೋಲ, ಕೂರ್ಪಾಸಕ ಎಂಬೆರಡು ಮಾತುಗಳು ಒಂದೇ ಉಡುಪಿನ ಹೆಸರಾಗಿ ಜೊತೆಯಲ್ಲೇ ಬಂದಿವೆ. ಚೋಲದಿಂದ ಮರಾಠಿಯ ಚೋಳಿ. ಕೂರ್ಪಾಸದಿಂದ ನಮ್ಮ ಕುಪ್ಪಸ, ಅದರಿಂದ ಕುಬಸ. 1956ರಲ್ಲಿ ರಾಜ್ಯಗಳ ಗಡಿ ಬೇರೆಯಾಯಿತು. ಎರಡು ನುಡಿಯ ಹೆಂಗಸರು ಗುಟ್ಟಿಗೆ ಇಟ್ಟ ಹೆಸರು ಮಾತ್ರ ಒಂದೇ ಆಗಿ ಉಳಿಯಿತು.

ಗುಟ್ಟೇಕೆ? ದೃಷ್ಟಿ ತಾಗೀತೆಂಬ ಭಯವೊಂದೇ ಕಾರಣವಲ್ಲ. ಗರ್ಭಪಾತಗಳಲ್ಲಿ ಹೆಚ್ಚಿನವು ಮೊದಲ ಮೂರು ತಿಂಗಳಲ್ಲೇ ಆಗುವುವೆಂದು ಇಂದಿನ ವೈದ್ಯರು ಹೇಳುತ್ತಾರೆ. ಅನುಭವದಿಂದ ಅದನ್ನು ಬಲ್ಲ ಹೆಂಗಸರು ಬಸುರು ನಿಲ್ಲದೆ ಹೋದರೆ ಊರಿಗೆಲ್ಲ ಉತ್ತರ ಹೇಳುವ ಸಂಕಟವನ್ನು ಸೊಸೆಗೆ ತಪ್ಪಿಸಿದರು. ಆದರೆ ಊರಿಗೆ ತಿಳಿಯದ ಬಸುರಿಗಾಗಿ ಊರೆದುರು ಅಳುವಂತಿಲ್ಲ. ಈ ಮಾತು ಕೊಟ್ಟ ಆಸರೆಗೆ ತೆತ್ತ ಬೆಲೆ ಅದು.

ಹೆಂಗಸರ ಬಾಯಿಯ ಹಾಡನ್ನು ಸಾಹಿತ್ಯವೆಂದು ಅರಿತು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದ ಹಲಸಂಗಿ ಗೆಳೆಯರು ಇದೇ ನೆಲದವರು. ಹಾಡಿಗೆ ಸಂದ ಆ ಮನ್ನಣೆ ಇಂಥ ಮಾತುಗಳಿಗೂ ಸಲ್ಲಬೇಕು. ಇಂದು ಆರೋಗ್ಯ ಕೇಂದ್ರವು ಹನ್ನೆರಡು ವಾರಗಳೊಳಗೆ ಬಸುರನ್ನು ದಾಖಲಿಸಿರೆಂದು ಕೇಳುತ್ತದೆ. ಸಂಪ್ರದಾಯ ಮೌನವನ್ನು ಕೇಳುವುದೂ ಅದೇ ವಾರಗಳಲ್ಲಿ. ಇವೆರಡಕ್ಕೂ ವಿರೋಧವಿರಬೇಕಾಗಿಲ್ಲ. ಕಳ್ಳ ಕುಬಸ ಎಂದೂ ಒಬ್ಬಳೇ ನುಂಗಿಕೊಂಡ ಗುಟ್ಟಾಗಿರಲಿಲ್ಲ. ನಂಬಿಗಸ್ತರಾದ ಇಬ್ಬರು ಮೂವರಿಗೆ ಅದು ತಿಳಿದೇ ಇತ್ತು. ಆ ಇಬ್ಬರು ಮೂವರಲ್ಲಿ ದಾದಿಯೂ ಒಬ್ಬಳಾದರೆ ಹಳೆಯ ಮಾತಿಗೆ ಅದರಿಂದ ಕೊರತೆಯೇನೂ ಇಲ್ಲ.