ಮರೆಗುಳಿ

‘ಮರೆ’ ಹಳಗನ್ನಡದಲ್ಲಿ ‘ಮಱೆ’. ತಮಿಳು, ಮಲಯಾಳಗಳಲ್ಲೂ ಇದರ ಒಡಹುಟ್ಟುಗಳಿವೆ. ಅದಕ್ಕೆ ‘ಕುಳಿ’ ಪ್ರತ್ಯಯ ಸೇರಿ ‘ಮರೆಗುಳಿ’. ಲಂಚಗುಳಿಯಲ್ಲಿರುವುದೂ ಇದೇ ಗುಳಿ: ಒಂದು ಚಾಳಿಗೆ ಬಿದ್ದವನು ಎಂಬ ಭಾವ. (ಲಂಚಗುಳಿ ಮಾತ್ರ ಲೆಕ್ಕ ಮರೆಯುವುದಿಲ್ಲ!) ಮನೆಮಾತಿನಲ್ಲಿ ‘ಮರೆಗುಳಿ’ ಸಲುಗೆಯ ಬೈಗುಳ: ಒಲೆಯ ಮೇಲೆ ಹಾಲಿಟ್ಟು ಮರೆತವರು, ಹಣೆಯ ಮೇಲೇ ಕನ್ನಡಕವಿಟ್ಟುಕೊಂಡು ಹುಡುಕುವವರು ಎಲ್ಲರೂ ಮರೆಗುಳಿಗಳೇ. 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ ವಿವರಿಸಿದ ಕಾಯಿಲೆಯನ್ನೂ ನಮ್ಮ ಪತ್ರಿಕೆಗಳು ‘ಮರೆಗುಳಿ ರೋಗ’ ಎನ್ನುತ್ತವೆ. ನನಗಿದು ಅಷ್ಟಾಗಿ ಒಪ್ಪಿಗೆಯಿಲ್ಲ. ಚಾಳಿಗೂ ಕಾಯಿಲೆಗೂ ಒಂದೇ ಹೆಸರಾಗಿ, ಬೀಗದ ಕೈ ಎಲ್ಲಿಟ್ಟೆನೆಂದು ತಡಕಾಡುವವರೂ ಸುಮ್ಮನೆ ಹೆದರುತ್ತಾರೆ. ಬೀಗದ ಕೈ ಯಾತಕ್ಕೆಂದೇ ತಿಳಿಯದಾದರೆ, ಗೊತ್ತಿರುವ ಬೀದಿಯಲ್ಲೇ ದಾರಿ ತಪ್ಪಿದರೆ ವೈದ್ಯರನ್ನು ಕಾಣಬೇಕು.